ನಲವತ್ತು ಹೆಜ್ಜೆಯ ದಾರಿ

ಈ ಎರಡು ಹಾಳೆಗಳಲ್ಲಿ ಅಕ್ಷರ ನನ್ನದು, ಮಾತು ಅವರದು. ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಗೆರೆಹಾಳೆಗಳು. ಒಂದರ ಮೂಲೆಯಲ್ಲಿ ಬೆಲ್ಲದ ಕಲೆ. ಇನ್ನೊಂದು ಒಲೆಯ ಹತ್ತಿರ ಗೋಡೆಗೆ ಅಂಟಿಕೊಂಡಿದ್ದರಿಂದ ಅಂಚು ಕಂದಿದೆ. ಒಂದು ಪಂಚಮಿಯ ಊಟದ ಪೂರ್ತಿ ತಯಾರಿ ಇದರಲ್ಲಿದೆ. ಯಾವ ಕಾಳನ್ನು ಯಾವ ದಿನ ನೆನೆಸಬೇಕು, ಯಾವ ಉಂಡಿಯ ಡಬ್ಬಿ ಎಲ್ಲಿದೆ, ಯಾರು ಯಾರ ಪಕ್ಕದಲ್ಲಿ ಕೂರಬೇಕು, ಎಲ್ಲ. ಕೆಳಗಿನಿಂದ ಮೂರನೆಯ ಸಾಲು ಹೀಗಿದೆ: "ಹೆಣ್ಣಮಕ್ಕಳ ಮಣಿ ನಾಕ." ಮನೆಯ ಹೆಣ್ಣುಮಕ್ಕಳು ಕೂರಲು ನಾಲ್ಕು ಮಣೆ ಎಂದು. ಹಾಳೆ ತೆಗೆದಾಗಲೆಲ್ಲ ನಾನು ಈ ಸಾಲಿಗೆ ಬಂದು ನಿಲ್ಲುತ್ತೇನೆ. ಮುಂದಕ್ಕೆ ಓದಲಾಗುವುದಿಲ್ಲ.

ಅಂಕಲಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಹತ್ತು ವರ್ಷದ ಮೇಲೆ ಇದ್ದೆ. ಬಾಡಿಗೆ ಮನೆ. ಎದುರಿಗೆ, ನಡುವೆ ಒಂದು ಬೇವಿನ ಮರ ಬಿಟ್ಟು, ಈ ಹಾಳೆ ಬರೆಸಿದವರ ತಮ್ಮನ ಮನೆ. ಅವರೂ ಅಲ್ಲೇ ಇದ್ದರು. ನನ್ನ ಹೊಸ್ತಿಲಿನಿಂದ ಅವರ ಹೊಸ್ತಿಲಿಗೆ ನಲವತ್ತು ಹೆಜ್ಜೆ. ಎಣಿಸಿ ಹೇಳುತ್ತಿಲ್ಲ, ಹಾಲಿಗೆಂದು ದಿನಕ್ಕೆ ಎರಡು ಸಲ ಹೋಗಿಬರುವವಳಿಗೆ ಅಷ್ಟು ಅನ್ನಿಸಿತ್ತು. ನನ್ನ ಪತಿ ಬೆಳಗಾವಿಯಲ್ಲಿ ಕೆಲಸದಲ್ಲಿದ್ದರು, ಶನಿವಾರ ಬರುತ್ತಿದ್ದರು. ನನಗೆ ತಂದೆತಾಯಿ ಇರಲಿಲ್ಲ, ಒಡಹುಟ್ಟಿದವರೂ ಇಲ್ಲ. ಹಾಗಾಗಿ ಪಂಚಮಿಗೆ ನಾನು ಊರು ಬಿಟ್ಟು ಹೋಗುತ್ತಿರಲಿಲ್ಲ, ಎದುರು ಮನೆಯಲ್ಲೇ ಉಣ್ಣುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಿಳಿಯದೆ ಮಾಡಿದೆ ಎಂದು ಬೇರೆಯವರು ಹೇಳಿಕೊಳ್ಳಬಹುದು, ನಾನು ಹೇಳಿಕೊಳ್ಳುವಂತಿಲ್ಲ.

ಓಣಿಯೆಲ್ಲ ಅವರನ್ನು 'ಅತ್ಯಾ' ಎನ್ನುತ್ತಿತ್ತು. ತಂದೆಯ ಅಕ್ಕತಂಗಿಯರನ್ನು ಮರಾಠಿಯಲ್ಲಿ ಹಾಗೆ ಕರೆಯುತ್ತಾರೆ. ತಮ್ಮನ ಮೂವರು ಹೆಣ್ಣುಮಕ್ಕಳ ಬಾಯಿಂದ ಹೊರಟ ಮಾತು ಓಣಿ ದಾಟಿ, ಕಿರಾಣಿ ಅಂಗಡಿಯ ಮುದುಕನವರೆಗೂ ಹೋಗಿತ್ತು. ಅವನು ಅವರಿಗಿಂತ ದೊಡ್ಡವನು, ಅವನೂ "ಏನ ಕೊಡ್ಲಿ ಅತ್ಯಾ" ಅನ್ನುತ್ತಿದ್ದ. ಅವರ ಹೆಸರು ರೇಷನ್ ಕಾರ್ಡಿನಲ್ಲಿತ್ತು, ಯಾರ ನಾಲಿಗೆಯ ಮೇಲೂ ಇರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಎತ್ತರದ ಹೆಂಗಸು, ಬೆನ್ನು ತುಸು ಬಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಇರುತ್ತಿದ್ದರು. ಸೆರಗು ಬಿಟ್ಟು ಕೂತದ್ದನ್ನು ನಾನು ನೋಡಿದ್ದು ಒಂದೇ ದಿನ. ಹಿಟ್ಟನ್ನು ಅಂಗೈಗೆ ಹಾಕಿಕೊಂಡು ಮೂಸಿ, ಯಾವ ಗಿರಣಿಯಲ್ಲಿ ಬೀಸಿದ್ದೆಂದು ಹೇಳುತ್ತಿದ್ದರು. ಡಬ್ಬಿಯ ಮುಚ್ಚಳ ಹಾಕಿದ ಮೇಲೆ ಅದರ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ಒಳಗಿದ್ದದ್ದಕ್ಕೆ ಸುಮ್ಮನಿರು ಎಂದು ಹೇಳಿದ ಹಾಗೆ. ಮಾತು ಕನ್ನಡ, ಎಣಿಕೆ ಮಾತ್ರ ಮರಾಠಿ. "ಏಕ, ದೋನ, ತೀನ" ಎಂದೇ ರೊಟ್ಟಿ ಎಣಿಸುವರು. ಮೊದಲು ಸಂಸಾರ ಮಾಡಿದ ಮನೆಯಲ್ಲಿ ಕಲಿತದ್ದು ಅದು.

ಆ ಮನೆ ಗಡಿಯಾಚೆಯ ಒಂದು ಹಳ್ಳಿಯಲ್ಲಿತ್ತು. ಅಲ್ಲಿ ಅವರು ಆರು ವರ್ಷ ಬಾಳಿದರು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಬುತ್ತಿ ಕಟ್ಟಿಕೊಂಡು ಹೋಗಿ ಕರೆದು ತರಬೇಕು. ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಆರನೆಯ ಪಂಚಮಿಗೆ ತಮ್ಮ ಹೋಗಿ ಕರೆತಂದರು. ತಿರುಗಿ ಕರೆಯಲು ಯಾರೂ ಬರಲಿಲ್ಲ. ಗಣಪತಿ ಹಬ್ಬ ಆಯಿತು, ದಸರೆ ಆಯಿತು. ದೀಪಾವಳಿಯ ಹೊತ್ತಿಗೆ ಸುದ್ದಿ ಬಂತು, ಆ ಮನೆಗೆ ಬೇರೆ ಹೆಂಗಸು ಬಂದಾಗಿತ್ತು. ಇವರಿಗೆ ಮಕ್ಕಳಾಗಿರಲಿಲ್ಲ. ನಾನು ನೋಡುವ ಹೊತ್ತಿಗೆ ಮೂವತ್ತು ವರ್ಷ ದಾಟಿತ್ತು, ಅಂದು ತಂದಿದ್ದ ಟ್ರಂಕು ಅಟ್ಟದ ಮೇಲಿತ್ತು.

ಅವರು ಇದನ್ನು ಅಳುತ್ತ ಹೇಳಲಿಲ್ಲ. "ಟೀಚರ, ನಾ ಪಂಚಮಿಗೆ ಬಂದಾಕಿ. ಹಬ್ಬ ಇನ್ನೂ ಮುಗದಿಲ್ಲ ನೋಡ್ರಿ," ಎಂದು ನಕ್ಕಿದ್ದರು. ಓಣಿಯ ಹೆಂಗಸರಿಗೆಲ್ಲ ಈ ಮಾತು ಗೊತ್ತಿತ್ತು, ಎಲ್ಲರೂ ಪ್ರತಿಸಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆ ಆದ ಮರುದಿನವೇ ಅವರ ಪಂಚಮಿ ಶುರು. ಹಬ್ಬಕ್ಕೆ ಇನ್ನೂ ತಿಂಗಳು ಇರುತ್ತಿತ್ತು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಒಂದು ಸಣ್ಣ ಡಬ್ಬಿಯಿಂದ ಹುಣಸೆ ಬೀಜ ಸುರಿಯುತ್ತಿದ್ದರು. ಓದು ಬರಹ ಬರುತ್ತಿರಲಿಲ್ಲ. ಉಣ್ಣುವವರಿಗೆ ತಲೆಗೊಂದು ಬೀಜ, ಸಣ್ಣ ಮಕ್ಕಳಿಗೆ ಒಡೆದ ಅರ್ಧ ಬೀಜ. ಪಂಗತಿಯಲ್ಲಿ ಯಾರು ಎಲ್ಲಿ ಕೂರಬೇಕೋ ಹಾಗೇ ಸಾಲು ಹಚ್ಚುವರು. ತಮ್ಮನ ಹಿರಿಯ ಮಗಳನ್ನು ಭೋಜ ಎಂಬ ಊರಿಗೆ, ಎರಡನೆಯವಳನ್ನು ದಿಗ್ಗೇವಾಡಿಗೆ ಕೊಟ್ಟಿದ್ದರು.

"ಇಂವ ಭೋಜದ ಅಳಿಯ. ಇಂವನ ಬೆನ್ನಿಗೆ ಗ್ವಾಡಿ ಬೇಕ, ಇಲ್ಲಿ ಕುಂಡ್ರಲಿ. ಇಕಿ ದಿಗ್ಗೇವಾಡಿಯಾಕಿ. ಇಕಿ ಬಾಜೂಕ ಸಣ್ಣಾಕೀನ ಕುಂಡ್ರಸಬಾರದು, ಇಬ್ರೂ ಮಾತಾಡಕೋತ ಉಣ್ಣೂದ ಬಿಡತಾವ."

ತಮ್ಮನ ಹೆಂಡತಿ ಎಮ್ಮೆಗೆ ಮೇವು ಹಾಕಿ ಬರುತ್ತ ನಿಂತು ನೋಡುವಳು. ಕೆಟ್ಟ ಹೆಂಗಸಲ್ಲ, ಮಾತು ಚುರುಕು.

"ನೋಡ್ರಿ ಟೀಚರ, ಮಂದಿ ಇನ್ನೂ ಊರಾಗ ಬಂದಿಲ್ಲ, ಬೀಜ ಊಟಕ್ಕ ಕುಂತಾವ."

"ಬೀಜಕ್ಕ ಸಿಟ್ಟ ಬರೂದಿಲ್ಲವಾ. ಎತ್ತಿ ಬ್ಯಾರೆ ಕಡೆ ಇಡಬಹುದು. ಮಂದೀನ ಹಂಗ ಎತ್ತಿ ಇಡಾಕ ಬರತೈತೇನು?"

ಒಂದು ಸಲ ನಾನು ಕೇಳಿದೆ, "ಅತ್ಯಾ, ಇದರಾಗ ನಿಮ್ಮ ಬೀಜ ಯಾವುದ್ರಿ?"

"ಊಟಕ್ಕ ನೀಡಾಕಿಗೆ ಬೀಜ ಯಾಕ್ರಿ? ನೀಡಾಕಿಗೆ ಕೈ ಇರತಾವ, ಕುಂಡಿ ಇರೂದಿಲ್ಲ."

ತಮ್ಮನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವರೂ ನಕ್ಕರು. ಬೀಜಗಳನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ ಎರಡು ಸಲ ತಟ್ಟಿದರು.

ಪಂಚಮಿಯ ಅಡುಗೆ ಬೇರೆ ಹಬ್ಬದ ಅಡುಗೆಯ ಹಾಗಲ್ಲ. ಚೌತಿ, ಪಂಚಮಿ ಎರಡು ದಿನ ಆ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುತ್ತಿರಲಿಲ್ಲ. ಇಳಿಗೆ, ಚಾಕು ಮುಟ್ಟುತ್ತಿರಲಿಲ್ಲ, ಕುಟ್ಟುವುದು ರುಬ್ಬುವುದು ಇರಲಿಲ್ಲ, ಹೊಲದಲ್ಲಿ ನೆಲ ಕೆದರುತ್ತಿರಲಿಲ್ಲ. ನಾಗಪ್ಪನಿಗೆ ತಾಗುತ್ತದೆ ಎಂಬ ನಂಬಿಕೆ. ಹಿಂದಿನ ದಿನ, ತದಿಗೆಗೆ, ರೊಟ್ಟಿ ಹಬ್ಬ. ಅವತ್ತು ರೊಟ್ಟಿ ಬಡಿದು ಓಣಿಗೆಲ್ಲ ಹಂಚಿ ಹಂಚನ್ನು ತೊಳೆದು ಕವುಚಿಟ್ಟರೆ ಮುಗಿಯಿತು. ಆಮೇಲೆ ಬರೀ ಕುದಿಸಿದ್ದು, ಹಬೆಯಲ್ಲಿ ಬೇಯಿಸಿದ್ದು, ಮೊದಲೇ ಕಟ್ಟಿಟ್ಟದ್ದು. ಹಾಗಾಗಿ ಯಾವುದೇ ಮರೆವಿಗೆ ಆ ದಿನ ಪರಿಹಾರವಿಲ್ಲ. ತದಿಗೆ ಸಂಜೆ ಕಾಯಿಪಲ್ಲೆ ಹೆಚ್ಚಿಡಲು ಮರೆತರೆ ಮರೆತಂತೆಯೇ. ಅತ್ಯಾ ಎಂದೂ ಮರೆಯಲಿಲ್ಲ. ಹೆಚ್ಚುವ ಗೊಡವೆಯೇ ಇಲ್ಲದ ಮಡಕಿಕಾಳನ್ನು ಮೊಳಕೆ ಬರಿಸುವರು. ಕಡಲೆಬೇಳೆ ಬೇಯಿಸಿ ತದಿಗೆ ದಿನವೇ ಹೂರಣ ರುಬ್ಬಿಡುವರು. ಐದು ಬಗೆ ಉಂಡಿ: ಶೇಂಗಾ, ಎಳ್ಳು, ರವೆ, ಕಡಲೆಹಿಟ್ಟು, ಜೋಳದ ಅಳ್ಳಿಟ್ಟು, ಅಂದರೆ ಅರಳಿನ ಹಿಟ್ಟು. ರುಚಿ ಹೇಗಿದೆ ಎಂದು ಊಟಕ್ಕೆ ಮೊದಲೇ ಚೂರು ಕೈಗೆ ಹಾಕಿ ಕೇಳುವರು, ಊಟವಾದ ಮೇಲೆ ಕೇಳುತ್ತಿರಲಿಲ್ಲ. "ಹಸದಾವ್ರಿಗೆ ಹೊತ್ತ ಕೇಳಬಾರದು, ಉಂಡಾವ್ರಿಗೆ ರುಚಿ ಕೇಳಬಾರದು. ಉಂಡಾವ್ರು ಖರೇ ಹೇಳೂದಿಲ್ಲ," ಎನ್ನುತ್ತಿದ್ದರು.

ಕರೆದು ತಂದ ಹೆಣ್ಣುಮಕ್ಕಳಿಗೆ ಪಂಗತಿಯಲ್ಲಿ ಮಣೆ. ಉಳಿದವರಿಗೆ ಚಾಪೆ. ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಮೊದಲ ಕಡಬು ಅವರಿಗೆ ಬಡಿಸುವುದು ಆ ಮನೆಯ ಪದ್ಧತಿ. ಕುಂಕುಮ ಹಚ್ಚಿ ಬಡಿಸುವವರು ಯಾವಾಗಲೂ ಅತ್ಯಾ. ಅವರೂ ಆ ಮನೆಯ ಹೆಣ್ಣುಮಗಳೇ ಎಂಬುದು ಹತ್ತು ವರ್ಷ ಅಲ್ಲಿ ಉಂಡ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಆ ವರ್ಷ ಮೂರನೆಯವಳ ಮದುವೆಯಾಗಿತ್ತು, ಕಾಗವಾಡಕ್ಕೆ ಕೊಟ್ಟಿದ್ದರು. ಮೂವರನ್ನೂ ಹೋಗಿ ಕರೆತರಬೇಕಾದ ಮೊದಲ ಪಂಚಮಿ. ಆಷಾಢ ಇನ್ನೂ ಮುಗಿದಿರಲಿಲ್ಲ, ಒಂದು ರವಿವಾರ ಅತ್ಯಾ ನನ್ನ ಮನೆಗೆ ಬಂದು, "ಟೀಚರ, ಒಂದೀಟ ಬರಕೊಡ್ರಿ," ಎಂದರು.

"ಏನ ಬರೀಬೇಕ್ರಿ?"

"ಎಲ್ಲಾ. ನಾ ಇಲ್ಲದ ಪಂಚಮಿ ಮಾಡೂದು ಹೆಂಗ ಅಂತ."

ನಾನು ಗಾಬರಿಯಾದೆ. ಅವರ ಕಾಲುಗಳು ಆ ವರ್ಷ ಬಾತುಕೊಳ್ಳುತ್ತಿದ್ದವು. "ಅಪಶಕುನ ಯಾಕ ಆಡತೀರಿ?" ಎಂದೆ. "ಬರೀರಿ, ಹೇಳತೇನಿ," ಎಂದರು. ನಾನು ಹಾಳೆ ಹರಿದೆ. ಅವರು ಕಣ್ಣು ಅರ್ಧ ಮುಚ್ಚಿ, ಒಂದೊಂದೇ ಹೇಳಿದರು. ಅಳ್ಳಿನ ಡಬ್ಬಿ ಜ್ವಾಳದ ಚೀಲದ ಹಿಂದ. ಎಳ್ಳುಂಡಿ ಭೋಜದಾಕಿಗೆ ಬ್ಯಾಡ, ಬಸರಿ ಅದಾಳ. ದಿಗ್ಗೇವಾಡಿಯಾಕಿಗೆ ಬೆಲ್ಲ ಕಮ್ಮಿ. ಮಡಕಿ ಬಿದಗಿ ದಿನಾ ನೆನಸೂದು. ಹೂರಣದ ಕಟ್ಟ ಚೆಲ್ಲಬಾರದು, ಸಾರಿಗೆ ಬೇಕು. ಹೀಗೆ ಒಂದೂವರೆ ಹಾಳೆ ತುಂಬಿತು.

"ಹೆಣ್ಣಮಕ್ಕಳ ಮಣಿ ನಾಕ."

"ಮೂರಲ್ಲೇನ್ರಿ?"

"ನಾಕ ಬರೀರಿ."

ಬರೆದೆ. ಅವರು, ತಾವು ಮದುವೆಯಾದ ಮೇಲಿನ ಮೊದಲನೆಯ ಪಂಚಮಿಯ ಮಾತು ತೆಗೆದರು. ತಮ್ಮನಿಗೆ ಆಗ ಹದಿನಾಲ್ಕು ವರ್ಷವಂತೆ. ಗಡಿಯಾಚೆಯ ಆ ಹಳ್ಳಿಗೆ ಬಸ್ಸು ಇರಲಿಲ್ಲ, ಮೂರು ಮೈಲು ನಡೆಯಬೇಕು. "ಗಂಟ ಹೊತಗೊಂಡ ಮುಂದ ಬಿರಿಬಿರಿ ಹೋಗಾಂವ. 'ನಿಧಾನ ನಡಿಯೋ, ನಾನೂ ಬರಾಕತ್ತೇನಿ' ಅಂತ ಒದರಾಕಿ ನಾ. ಹಿಂದ ತಿರಗಿ ಒಂದ ಸಲಾ ನೋಡತಿದ್ದಿಲ್ಲ. ಗಂಡಸ ಅಲ್ಲೇನ್ರಿ! ಖರೇ, ಮರಾ ಬಂತಂದ್ರ ಅಲ್ಲಿ ನಿಲ್ಲಾಂವ. ನನ್ನ ಕೈಬಳಿ ಸಪ್ಪಳ ಕೇಳೂತನಾ ನಿಂತ, ಮತ್ತ ನಡ್ಯಾಂವ."

ಆಮೇಲೆ ಕೇಳಬೇಕಾದ್ದನ್ನು ಕೇಳಿದರು. ಹತ್ತು ವರ್ಷದಲ್ಲಿ ಅವರು ನನ್ನಲ್ಲಿ ಕೇಳಿದ್ದು ಅದೊಂದೇ.

"ತದಗಿ ಸಂಜೀಕ ಎಲ್ಲಾ ಮುಗಿಸಿ ನಿಮ್ಮ ಮನಿಗೆ ಬಂದ ಇರತೇನ್ರಿ. ಚೌತಿ ದಿನಾ ನಮ್ಮ ತಮ್ಮ ಭೋಜದಿಂದ ದೊಡ್ಡಾಕೀನ ಕರಕೊಂಡ ಬರತಾನ. ಗಾಡಿ ಇಳದ ಕೂಡಲೇ ನೀವ ಹೋಗಿ ಹೇಳ್ರಿ: ಇಲ್ಲೊಬ್ಬಾಕಿ ಅದಾಳ, ಕರಿಯಾಕ ಬಾ ಅಂತ. ಅವ ಬರಲಿ. ಅವನ ಕೂಡ ನಾ ಹೋಗತೇನಿ. ಮರದಿನಾ ಮಣಿ ಮ್ಯಾಲ ಕುಂಡ್ರತೇನಿ. ಒಂದ ಸಲಾ ಸಾಕ್ರಿ."

"ನೀವ ಅವ್ರಿಗೆ ಹೇಳಬಹುದಲ್ರಿ."

"ನಾ ಹೇಳಿ ಅವ ಬಂದ್ರ ಕರದಂಗ ಹೆಂಗ ಆಕ್ಕೈತಿ? ಫೋನನೂ ಹಚ್ಚಬ್ಯಾಡ್ರಿ. ಇಳದ ಮ್ಯಾಲ, ನಿಮ್ಮ ಮಾತಿನಾಗ ಹೇಳ್ರಿ. ಉಳದಾವ್ರಿಗೆ ಯಾರಿಗೂ ಹೇಳಬ್ಯಾಡ್ರಿ, ನಗತಾರ."

ಆಯಿತೆಂದೆ.

ತದಿಗೆ ಸಂಜೆ ಕೈಚೀಲ ಹಿಡಿದು ಬಂದರು. ಎರಡು ಸೀರೆ, ಒಂದು ಬಾಚಣಿಗೆ. ನಲವತ್ತು ಹೆಜ್ಜೆಗೆ ಕೈಚೀಲ. ತಮ್ಮನ ಹೆಂಡತಿಗೆ "ಟೀಚರ ಒಬ್ರ ಅದಾರ, ಜೋಡಿಗೆ ಮಲಗತೇನಿ" ಎಂದು ಹೇಳಿ ಬಂದಿದ್ದರಂತೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಸಿರು ಇಳಕಲ್ ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸದೆ ಹೊದ್ದುಕೊಂಡು, ನನ್ನ ಹೊಸ್ತಿಲಿನ ಬಲತುದಿಯಲ್ಲಿ ಕೂತರು. ತಮ್ಮ ಮಧ್ಯಾಹ್ನದೊಳಗೆ ಬರುವವರಿದ್ದರು.

ಸಣ್ಣ ಮಳೆ ಇತ್ತು. ಎದುರು ಮನೆಯಿಂದ ಮಾತು ಕೇಳುತ್ತಿತ್ತು. ಮೊದಲೇ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಗೋಡೆಯ ಹಾಳೆ ಓದಿ ಓದಿ ಹೇಳುತ್ತಿದ್ದರು. "ಯವ್ವಾ, ಅಳ್ಳಿನ ಡಬ್ಬಿ ಜ್ವಾಳದ ಚೀಲದ ಹಿಂದ ಐತಂತ!" ಅತ್ಯಾ ಇಲ್ಲಿ ಕೂತು ಕೇಳಿ ತಲೆಯಾಡಿಸಿದರು. "ನೋಡ್ರಿ, ನಾ ಇಲ್ಲದನೂ ನಡೀತೈತಿ," ಎಂದರು. ಅದರಲ್ಲಿ ಸಂತೋಷ ಇತ್ತೋ ಇನ್ನೇನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಹುಡುಗಿಯರು ಬಂದು ಕರೆದರು. "ಅತ್ಯಾ ನಡಿ, ಜೋಕಾಲಿ ಕಟ್ಟ್ಯಾರ."

"ನಾ ಪಾವಣ್ಯಾಕಿ ಆಗಿ ಬಂದೇನಿ. ನಿಮ್ಮಪ್ಪ ಬರಲಿ, ಆಮ್ಯಾಲ ಬರತೇನಿ." ನೆಂಟಳಾಗಿ ಬಂದಿದ್ದೇನೆ ಎಂದದ್ದನ್ನು ಅವರು ತಮಾಷೆ ಎಂದುಕೊಂಡು ನಗುತ್ತ ಹೋದರು.

ಹನ್ನೆರಡಾಯಿತು, ಎರಡಾಯಿತು. ಊಟಕ್ಕೆ ಕರೆದರೆ, "ಅವ ಬಂದ ಮ್ಯಾಲ ಅಲ್ಲೇ ಉಣತೇನಿ," ಎಂದರು. ಮೂರರ ಸುಮಾರಿಗೆ ತಮ್ಮನ ಹೆಂಡತಿ ಹಾಲಿನ ತಂಬಿಗೆ ಹಿಡಿದು ಅಂಗಳಕ್ಕೆ ಬಂದಳು.

"ಅಕ್ಕಾರ, ನಾಗಪ್ಪಗ ಹಾಲೆರಿಯಾಕ ಹೋಗೂದೈತಿ, ಎದ್ದ ಬರ್ರಿ. ಹಬ್ಬದ ದಿನಾ ಮಂದಿ ಬಾಗಲಾ ಕಾಯಕೋತ ಕುಂತ್ರ ಓಣ್ಯಾಗ ಏನಂತಾರು? ನಾನ ಹೊರಗ ಹಾಕೇನಿ ಅಂತಾರ." ಆಮೇಲೆ ನನ್ನ ಕಡೆ ತಿರುಗಿ, "ಟೀಚರ, ಕಲತಾವ್ರು ನೀವು. ನೀವಾದ್ರೂ ಹೇಳಬಾರದೇನ್ರಿ?" ಎಂದಳು. ದನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು. ಪಕ್ಕದ ಮನೆಯ ಇಬ್ಬರು ಹೆಂಗಸರು ಕಿಟಕಿಯಲ್ಲಿ ನಿಂತಿದ್ದರು. ಅವಳು ಹೋದಳು.

ಈಗ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನನಗೆ ಮುಜುಗರವಾಗಿತ್ತು. ಒಂದು ಮನೆಯ ಹೆಂಗಸನ್ನು ಹಬ್ಬದ ದಿನ ನನ್ನ ಬಾಗಿಲಲ್ಲಿ ಕೂರಿಸಿಕೊಂಡಿದ್ದೇನೆ ಎಂದು ಓಣಿ ಆಡಿಕೊಳ್ಳುತ್ತದೆ ಎನ್ನಿಸಿತು. ದಿನಾ ಹಾಲು ಕೊಡುವವರೊಡನೆ ಮನಸ್ತಾಪ ಬೇಡ ಎನ್ನಿಸಿತು. ನಾನು ಅವರ ಪಕ್ಕ ಕೂತು ಸಮಾಧಾನದ ದನಿಯಲ್ಲಿ ಹೇಳಿದೆ:

"ಅತ್ಯಾ, ಎಷ್ಟೊತ್ತ ಕಾಯತೀರಿ? ನಲವತ್ತ ಹೆಜ್ಜಿ ದಾರಿ. ಅವ್ರು ಬಂದ ಕರದರೇನು, ನೀವ ಎದ್ದ ಹೋದರೇನು? ನಿಮ್ದ ಮನಿ ಅಲ್ಲೇನ್ರಿ?"

ಅವರು ನನ್ನನ್ನು ನೋಡಿದರು. ಬಹಳ ಹೊತ್ತಲ್ಲ. "ಹೌದಲ್ರಿ," ಎಂದರು. "ನಂದ ಮನಿ." ಗೋಡೆ ಹಿಡಿದು ಎದ್ದರು. ಒಳಗೆ ಹೋಗಿ ತಾವು ಮಲಗಿದ್ದ ಕೌದಿಯನ್ನು ಮತ್ತೊಮ್ಮೆ ಝಾಡಿಸಿ ಮಡಚಿಟ್ಟರು. ಕೈಚೀಲ ತೆಗೆದುಕೊಂಡರು. ಬೇವಿನ ಮರದ ಹತ್ತಿರ ಹೋಗುವಷ್ಟರಲ್ಲಿ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದ್ದರು.

ಇಪ್ಪತ್ತು ನಿಮಿಷಕ್ಕೆ ತಮ್ಮನ ಮೋಟಾರ್‌ಸೈಕಲ್ ಬಂತು. ಹಿಂದೆ ಭೋಜದ ಮಗಳು. ನಾನು ಬಾಗಿಲಲ್ಲೇ ಇದ್ದೆ. ಆಗಲೂ ಹೋಗಿ ಹೇಳಬಹುದಿತ್ತು. ಒಳಗೆ ಕರೆದು, ಅತ್ಯಾ ಅವರನ್ನು ಮತ್ತೆ ಕರೆಸಿ, ನಕ್ಕು, ಎಲ್ಲ ಸರಿ ಮಾಡಬಹುದಿತ್ತು. "ಹೆಂಗದೀರಿ ಟೀಚರ?" ಎಂದು ಗಾಡಿ ಇಳಿಯುತ್ತ ಅವರು ಕೇಳಿದರು. "ಆರಾಮ್ರಿ," ಎಂದೆ.

ಮರುದಿನ ಎಂದಿನಂತೆ ನನಗೆ ಊಟಕ್ಕೆ ಕರೆ ಬಂತು. ಪಂಗತಿ ಹಾಕಿದ್ದರು. ಹುಡುಗಿಯರು ಹಾಳೆ ನೋಡಿಯೇ ನಾಲ್ಕು ಮಣೆ ಇಟ್ಟಿದ್ದರು. ಮೂವರು ಕೂತರು, ನಾಲ್ಕನೆಯದು ಖಾಲಿ. ತಮ್ಮನ ಹೆಂಡತಿ, "ಟೀಚರ, ಇದ ನಿಮಗ ಇಡಿಸ್ಯಾರ ನೋಡ್ರಿ ಅಕ್ಕಾರು. ಕುಂಡ್ರಿ," ಎಂದಳು. ನಾನು ಅತ್ಯಾ ಅವರತ್ತ ನೋಡಿದೆ. ಒಂದು ಕೈಯಲ್ಲಿ ಕಡಬಿನ ಪರಾತ, ಇನ್ನೊಂದರಲ್ಲಿ ತುಪ್ಪದ ಮಿಳ್ಳಿ.

"ಕುಂಡ್ರಿ ಟೀಚರ," ಎಂದರು. "ಕಡಬ ಆರತಾವ."

ಕೂತೆ. ಹಣೆಗೆ ಕುಂಕುಮ ಹಚ್ಚಿದರು. ಬೆರಳಿಗೆ ಹಬೆಯ ಬಿಸಿ ಇತ್ತು. ನನ್ನ ಎಲೆಗೆ ಎರಡು ಕಡಬು ಬಡಿಸಿ ತುಪ್ಪ ಸುರಿದು, "ಇನ್ನೊಂದ ಹಾಕಸಕೋರಿ, ಸಂಕೋಚ ಮಾಡಬ್ಯಾಡ್ರಿ," ಎಂದರು. ನಾನು ಮೂರು ಕಡಬು ತಿಂದೆ. ರುಚಿಯಾಗಿದ್ದವು. ಅದನ್ನೂ ಬರೆಯಬೇಕು.

ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹಾಲಿಗೆ ಹೋದರೆ ಮೊದಲಿನಂತೆಯೇ ಮಾತು, ನಗು. ಒಂದು ವ್ಯತ್ಯಾಸ ಮಾತ್ರ ಕಂಡೆ. ಪಂಚಮಿಗೆ ಬಂದಾಕಿ, ಹಬ್ಬ ಇನ್ನೂ ಮುಗದಿಲ್ಲ ಎಂಬ ಆ ಹಳೆಯ ಮಾತನ್ನು ಆಮೇಲೆ ಅವರ ಬಾಯಿಂದ ಕೇಳಲಿಲ್ಲ.

ಚಳಿಗಾಲದಲ್ಲಿ ಕಾಲಿನ ಬಾವು ಏರಿತು, ಮೇಲುಸಿರು ಹತ್ತತೊಡಗಿತು. ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ಎಂಟು ದಿನ ಇದ್ದರು. ನೋಡಲು ಹೋದೆ. ತಮ್ಮ ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದರು, ಎಳೆ ಬಿಡಿಸಿ, ಬೀಜ ತೆಗೆದು, ಒಂದೊಂದೇ ಅಕ್ಕನ ಬಾಯಿಗೆ. ನಾನು ಹೇಳಬೇಕೆಂದು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಹೋದ ಮಾತು ಬಿಟ್ಟು, ಕಾಲಿನ ಬಾವು ಹೇಗಿದೆ ಎಂದು ಕೇಳಿದೆ. ಅತ್ಯಾ ಎಳ್ಳಿನ ಮಾತು ತೆಗೆದರು. "ಬರೂ ಪಂಚಮಿಗೆ ಎಳ್ಳ ಹೊಸಾವ ತೊಗೋಳಾಕ ಹೇಳ್ರಿ ಟೀಚರ. ಈ ಸಲದ್ದು ಒಂದೀಟ ಕಹಿ ಇದ್ದು. ಯಾರೂ ಹೇಳಲಿಲ್ಲ." ಮನೆಗೆ ಕರೆತಂದ ಮೂರನೆಯ ದಿನ ತೀರಿಕೊಂಡರು.

ಮುಂದಿನ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಆಗಿ ಎಷ್ಟೋ ದಿನವಾದರೂ ಆ ಕಟ್ಟೆಯ ಮೇಲೆ ಯಾರೂ ಬೀಜ ಹರಡಲಿಲ್ಲ. ತದಿಗೆಗೆ ಇನ್ನು ಎರಡು ದಿನ ಇರುವಾಗ, ಸಂಜೆ, ಅವರ ತಮ್ಮ ನನ್ನ ಬಾಗಿಲಿಗೆ ಬಂದರು. ಅವರು ಯಾವಾಗಲೂ ಬಿರಬಿರನೆ ನಡೆಯುವವರು, ಬಂದದ್ದೇ ತಿಳಿಯಲಿಲ್ಲ. ಕೈಯಲ್ಲಿ ಈ ಹಾಳೆಗಳಿದ್ದವು. ಇನ್ನೊಂದು ಕೈಯಲ್ಲಿ ಒಂದು ತಾಟು, ಅದರಲ್ಲಿ ಪುಡಿ.

"ಶೇಂಗಾ ಉಂಡಿ ಟೀಚರ. ಕಟ್ಟವಲ್ಲವು. ನಮ್ಮಾಕಿ ಹಾಳ್ಯಾಗ ಇದ್ದಂಗ ಮಾಡ್ಯಾಳ. ಒಡದ ಹೋಗತಾವ. ಏನರ ಬರಿಯೂದ ಬಿಟ್ಟೀರೇನ ಅಂತ ಕೇಳಾಕ ಬಂದೆ."

ಬೆಲ್ಲದ ಪಾಕ ಎಷ್ಟು ಬಂದರೆ ಇಳಿಸಬೇಕು ಎಂಬುದು ಹಾಳೆಯಲ್ಲಿರಲಿಲ್ಲ. ಅದು ಅವರ ಬೆರಳಿನಲ್ಲಿತ್ತು, ಹೇಳಲು ಅವರಿಗೂ ಹೊಳೆದಿರಲಿಲ್ಲ, ಕೇಳಲು ನನಗೂ ಹೊಳೆದಿರಲಿಲ್ಲ. ಹಾಗೆಂದು ಹೇಳಿದೆ. ಅವರು ತಲೆಯಾಡಿಸಿದರು. ಹೊರಡಲು ತಿರುಗಿ, ಮತ್ತೆ ನಿಂತರು.

"ಇನ್ನೊಂದ ಕೇಳೂದಿತ್ತ. ಹೆಣ್ಣಮಕ್ಕಳ ಮಣಿ ನಾಕ ಅಂತ ಬರದೀರಿ. ನನಗಿರಾವ್ರು ಮೂರ ಮಂದಿ. ಹ್ವಾದ ವರ್ಷ ನೀವ ಕುಂತಿರಿ. ನಿಮಗಂತಲೇ ಇಡಿಸಿದ್ಲೇನ ಅಕ್ಕ?"

ಹೌದು ಎನ್ನಬಹುದಿತ್ತು. ಅವರು ಹಾಗೇ ನಂಬಿಕೊಂಡು ಹೋಗುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಕೈಚೀಲ, ಹಸಿರು ಸೀರೆ, ಊಟ ಬಿಟ್ಟು ಕಾದದ್ದು, ನಾನು ಆಡಿದ ಮಾತು, ಆಡಿದ್ದು ಎಷ್ಟು ಗಂಟೆಗೆ, ಗಾಡಿ ಬಂದದ್ದು ಎಷ್ಟು ಗಂಟೆಗೆ. ನಡುವೆ ಅವರು ತಾಟನ್ನು ನೆಲಕ್ಕಿಟ್ಟರು.

"ಇಪ್ಪತ್ತ ಮಿನಿಟ?"

"ಇಪ್ಪತ್ತ ಮಿನಿಟ್ರಿ."

ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಗೋಡೆ ನೋಡುತ್ತ ಹೇಳಿದರು:

"ಭೋಜದಾಗ ಎದ್ದ ನಿಂತಿದ್ದೆ ನಾ. ಬೀಗರು, ಮಳಿ ಐತಿ, ಇನ್ನೊಂದ ಕಪ್ ಚಾ ಕುಡದ ಹೋಗ್ರಿ ಅಂದ್ರು. ಕುಂತೆ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಎಲ್ಲಿ ಕುಂತಿದ್ಲು?"

ಹೊಸ್ತಿಲಿನ ಬಲತುದಿ ತೋರಿಸಿದೆ. ಅವರು ಹೋಗಿ ಅಲ್ಲಿ ಕೂತರು. ಅವರು ನೋಡಿದ ಕಡೆ ನಾನೂ ನೋಡಿದೆ. ಆ ತುದಿಯಲ್ಲಿ ಕೂತರೆ ಮಾತ್ರ, ಬೇವಿನ ಟೊಂಗೆಯ ಕೆಳಗೆ, ನಿಪ್ಪಾಣಿ ಕಡೆಯಿಂದ, ಅಂದರೆ ಭೋಜದಿಂದ, ಬರುವ ರಸ್ತೆಯ ತಿರುವು ಕಾಣುತ್ತದೆ. ಹತ್ತು ವರ್ಷ ಆ ಮನೆಯಲ್ಲಿದ್ದ ನನಗೆ ಅದು ಗೊತ್ತಿರಲಿಲ್ಲ.

ಅವರ ಹೆಂಡತಿ ಆಚೆಯಿಂದ ಕೂಗಿದಳು, "ಏನಂದ್ರು ಟೀಚರು? ಬೆಲ್ಲ ಆರಾಕತ್ತೈತಿ!" ಅವರು ಇನ್ನೂ ಸ್ವಲ್ಪ ಕೂತಿದ್ದು ಎದ್ದರು. ಹಾಳೆಗಳನ್ನು ಅಲ್ಲೇ ಬಿಟ್ಟಿದ್ದರು, ತಾಟನ್ನೂ. ನಾನು ಕರೆಯಲಿಲ್ಲ.

ಅಂಗಳಕ್ಕಿಳಿದು ನಡೆದರು. ಅಷ್ಟು ನಿಧಾನವಾಗಿ ಅವರು ನಡೆದದ್ದನ್ನು ನಾನು ನೋಡಿರಲಿಲ್ಲ. ಬೇವಿನ ಮರದ ಹತ್ತಿರ ನಿಂತರು. ಹಿಂದೆ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮತ್ತೆ ನಡೆದರು.